ಮಂಗನ ಕಾಯಿಲೆಯ ಶೋಧ: ವಿಜ್ಞಾನಿಯನ್ನೂ ಅರ್ಥಧಾರಿಯನ್ನೂ ಎದುರುಬದುರು ಕೂರಿಸುವುದು ಹೇಗೆ?

ಕೆಳದಿ ದಾರಿ

ಸಾಗರ–ಸೊರಬ ಭಾಗದ ಓದುಗರ ಬಳಗಕ್ಕೆ ತೊಂಬತ್ತು ನಿಮಿಷದ ಒಂದು ಕಾರ್ಯಕ್ರಮ ಕಟ್ಟಬೇಕಿದೆ. ಒಂದು ಕಡೆ ವೈರಸ್ ಅಥವಾ ಕೀಟಗಳ ಮೇಲೆ ಕೆಲಸ ಮಾಡುವ ವಿಜ್ಞಾನಿ, ಇನ್ನೊಂದು ಕಡೆ ತಾಳಮದ್ದಳೆಯಲ್ಲಿ ಕೂತು ಪಾತ್ರದ ಮಾತು ಕಟ್ಟುವ ಅರ್ಥಧಾರಿ. ವಿಷಯ ಕ್ಯಾಸನೂರು ಕಾಡಿನ ಕಾಯಿಲೆಯನ್ನು, ಅಂದರೆ ಮಂಗನ ಕಾಯಿಲೆಯನ್ನು, ಪತ್ತೆ ಮಾಡಿದ ಬಗೆ. ಉಪನ್ಯಾಸ ಬೇಡ, ನಾಟಕವೂ ಬೇಡ. ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಬೇಕು, ನಡುನಡುವೆ ಅದು ತಿರುವುಮುರುವಾಗಬೇಕು.

ತಿಳಿಯಬೇಕಾದದ್ದು ಮೂರು. ಶೋಧದ ಕಥೆಯನ್ನು ಯಾವ ಕ್ರಮದಲ್ಲಿ ಹೇಳಿದರೆ ಸುಳ್ಳಾಗುವುದಿಲ್ಲ? ಅರ್ಥಧಾರಿಗೆ ಆಶುಮಾತಿನ ಸ್ವಾತಂತ್ರ್ಯ ಎಷ್ಟರ ಮಟ್ಟಿಗೆ? ಸಭಾಂಗಣ, ಮೈಕು, ತೋರಿಸುವ ವಸ್ತುಗಳ ತಯಾರಿ ಹೇಗೆ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಸೊಪ್ಪಿನಬೆಟ್ಟ

ಮೊದಲು ಕಥೆಯ ಎಲುಬು ನೆಟ್ಟಗಿರಲಿ. 1957ರ ಬೇಸಿಗೆಯ ಹೊತ್ತಿಗೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ (ಕಪ್ಪು ಮುಖದ ಮಂಗ), ಕೆಂಪು ಮುಖದ ಮಂಗ ಎರಡೂ ಸಾಯುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವು. ಅದನ್ನು ಟೈಫಾಯ್ಡ್ ಗುಂಪಿನ ಜ್ವರ ಎಂದುಕೊಂಡಿದ್ದರು. ಕೆದಕಿ ಕೇಳಿದಾಗ ಅದರ ಹಿಂದಿನ ವರ್ಷವೂ ಇಂಥದೇ ಜ್ವರ ಬಂದುಹೋಗಿದ್ದು ತಿಳಿಯಿತು. ಅಂದರೆ ಮಂಗ ಸಾಯುವುದನ್ನೂ ಜನ ಮಲಗುವುದನ್ನೂ ಮೊದಲು ಕಂಡವರು ಊರಿನವರೇ. ಸಂವಾದ ಇಲ್ಲಿಂದ ಹೊರಡಲಿ, ಪುಣೆಯಿಂದಲ್ಲ.

ಪುಣೆಯಲ್ಲಿ ಆಗ ವೈರಸ್ ಸಂಶೋಧನಾ ಕೇಂದ್ರ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ತೆರೆದದ್ದು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯ ಹಳೆಯ ರೂಪ ಅದೇ. ಅಲ್ಲಿಂದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಭಾರತೀಯ ಸಹೋದ್ಯೋಗಿಗಳು ಬಂದರು. ಅಷ್ಟು ಅವಸರದಲ್ಲಿ ಬರಲು ಕಾರಣ ಹಳದಿ ಜ್ವರದ ಭಯ. ದಕ್ಷಿಣ ಅಮೆರಿಕದ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತರೆ ಹಳದಿ ಜ್ವರ ಬಂತೆಂದೇ ಲೆಕ್ಕ. ಏಷ್ಯಾದಲ್ಲಿ ಆ ಕಾಯಿಲೆ ಇರಲಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಊರೂರಲ್ಲೂ ಇತ್ತು. ಒಮ್ಮೆ ಕಾಲಿಟ್ಟಿದ್ದರೆ ಇಡೀ ಭೂಖಂಡಕ್ಕೆ ಆಪತ್ತು. ಕಥೆಯ ಮೊದಲ ಬಿಗಿ ಇಲ್ಲಿದೆ, ಇದನ್ನು ಎರಡು ವಾಕ್ಯದಲ್ಲಿ ಮುಗಿಸಬೇಡಿ.

ಮುಂದಿನ ಹೆಜ್ಜೆ ಪ್ರಯೋಗಾಲಯದ್ದು. ಸತ್ತ ಮಂಗ ಬೇಸಿಗೆಯಲ್ಲಿ ಬೇಗ ಕೊಳೆಯುತ್ತದೆ, ಕೊಳೆತ ಅಂಗಾಂಶದಿಂದ ವೈರಸ್ ತೆಗೆಯುವುದು ಕಷ್ಟ. ಆದ್ದರಿಂದ ಆಗತಾನೆ ಸತ್ತದ್ದು ಅಥವಾ ಸಾಯುತ್ತಿರುವುದು ಬೇಕು. ಮಾದರಿಯನ್ನು ತಣ್ಣಗೆ ಇಟ್ಟು ಸುಮಾರು 500 ಕಿಲೋಮೀಟರ್ ಸಾಗಿಸಬೇಕು. ಅಲ್ಲಿ ಅಂಗಾಂಶವನ್ನು ಅರೆದು, ತಿಳಿ ತೆಗೆದು, ಹುಟ್ಟಿ ಕೆಲವೇ ದಿನವಾದ ಇಲಿಮರಿಗಳ ಮಿದುಳಿಗೆ ಚುಚ್ಚುತ್ತಾರೆ. ಮರಿಗಳು ಕಾಯಿಲೆ ಬಿದ್ದರೆ ಅವುಗಳ ಮಿದುಳಿನಿಂದ ಮತ್ತೊಂದು ಗುಂಪಿಗೆ ದಾಟಿಸುತ್ತಾರೆ. ಹೀಗೆ ದಾಟಿ ದಾಟಿ ಬಂದ ವೈರಸ್ಸನ್ನು, ಆಗಲೇ ಗೊತ್ತಿರುವ ವೈರಸ್‌ಗಳ ವಿರುದ್ಧ ತಯಾರಿಸಿಟ್ಟ ರಕ್ತಸಾರಗಳ ಜೊತೆ ಒಂದೊಂದಾಗಿ ಸೇರಿಸಿ ನೋಡುತ್ತಾರೆ. ಹಳದಿ ಜ್ವರದ್ದಲ್ಲ ಎಂದು ತಿಳಿದದ್ದು ಇಂಥ ಪರೀಕ್ಷೆಗಳಲ್ಲಿ. ಹತ್ತಿರದ ಹೊಂದಿಕೆ ಕಂಡದ್ದು ರಷ್ಯಾದ ವಸಂತ–ಬೇಸಿಗೆ ಮಿದುಳುಜ್ವರದ ಗುಂಪಿನೊಂದಿಗೆ. ಆ ಗುಂಪು ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಜೀವಿಯಿಂದ. ಮಂಗಗಳ ಮೈಯಲ್ಲೂ ಕಾಡಿನ ನೆಲದಲ್ಲೂ ಉಣುಗು ತುಂಬಿತ್ತು, ಅದರೊಳಗಿಂದಲೂ ಅದೇ ವೈರಸ್ ಸಿಕ್ಕಿತು. ಅಲ್ಲಿಗೆ ಸರಪಳಿ ಕೂಡಿತು.

ಇಷ್ಟಕ್ಕೆ ಮುಗಿಸಿದರೆ ಅರ್ಧ ಕಥೆ ಹೇಳಿದಂತೆ. ಹೋಲಿಕೆ ಇದೆಯಲ್ಲ ಎಂದು ರಷ್ಯಾದ ಕಾಯಿಲೆಗೆ ಮಾಡಿದ್ದ, ಇಲಿ ಮಿದುಳಿನಿಂದ ತಯಾರಾದ ಲಸಿಕೆಯನ್ನು ಇಲ್ಲಿ ಹಾಕಿ ನೋಡಿದರು. ಅದು ಕಾಪಾಡಲಿಲ್ಲ. ದಾಯಾದಿಗಳೆಂದ ಮಾತ್ರಕ್ಕೆ ಒಬ್ಬರ ಬೀಗದ ಕೈ ಇನ್ನೊಬ್ಬರ ಬೀಗಕ್ಕೆ ಕೂರುವುದಿಲ್ಲ. ಈ ಸೋಲನ್ನು ಕೈಬಿಟ್ಟು ಹೇಳಿದರೆ ಕೇಳುಗರಿಗೆ ಸಿಗುವುದು ವಿಜಯಯಾತ್ರೆ, ವಿಜ್ಞಾನವಲ್ಲ.

ಮದ್ದಳೆ ಮನೆ

ಸೊಪ್ಪಿನಬೆಟ್ಟ ಅವರ ಕ್ರಮ ಪ್ರಸಂಗಕ್ಕೆ ಹೇಳಿ ಮಾಡಿಸಿದಂತಿದೆ. ತಾಳಮದ್ದಳೆಯ ಕಡೆಯಿಂದ ಕೆಲವು ಮಾತು.

ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ಮಾತಿನಲ್ಲೇ ಪಾತ್ರ ಕಟ್ಟುವುದು ನಮ್ಮ ಕಲೆ. ಭಾಗವತರು ಪದ್ಯ ಹೇಳುತ್ತಾರೆ, ಅದರ ಮೇಲೆ ಅರ್ಥಧಾರಿ ಮಾತು ಬೆಳೆಸುತ್ತಾನೆ. ಪದ್ಯ ಕಟ್ಟುಪಾಡು, ಅರ್ಥ ಸ್ವಾತಂತ್ರ್ಯ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ: ಬದಲಾಗಕೂಡದ ಸಂಗತಿಗಳನ್ನೆಲ್ಲ ಪದ್ಯದೊಳಗೆ ಕೂರಿಸಿಬಿಡಿ. ವರ್ಷ, ಊರು, ಯಾವ ಪ್ರಾಣಿ, ಯಾವ ಊಹೆ ಬಿತ್ತು, ಯಾವುದು ನಿಂತಿತು ಎಲ್ಲ ಪದ್ಯದಲ್ಲಿರಲಿ. ಅರ್ಥಧಾರಿ ಎಷ್ಟೇ ದೂರ ಹೋದರೂ ಮುಂದಿನ ಪದ್ಯ ಅವನನ್ನು ಎಳೆದು ತರುತ್ತದೆ. ತೊಂಬತ್ತು ನಿಮಿಷಕ್ಕೆ ಏಳೆಂಟು ಪದ್ಯ ಸಾಕು. ಹತ್ತು ದಾಟಿದರೆ ಅರ್ಥಕ್ಕೆ ಜಾಗವೇ ಇರುವುದಿಲ್ಲ.

ಛಂದಸ್ಸಿಗೆ ಭಾಮಿನಿ ಷಟ್ಪದಿ ಅನುಕೂಲ. 1, 2, 4, 5ನೇ ಸಾಲು 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲು ಅದರ ಒಂದೂವರೆಯಷ್ಟು, ಕೊನೆಗೊಂದು ಗುರು, ಒಟ್ಟು 23. ಊರಿನ ಹೆಸರು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ: ಕ್ಯಾಸ | ನೂರಿನ, 3+4. ಅರ್ಧ ಪದ್ಯ ಹೀಗೆ ಬರಬಹುದು:

ಕ್ಯಾಸನೂರಿನ ಕಾಡಿನಂಚಲಿ
ಬೇಸಗೆಯ ದಿನ ಮಂಗ ಸತ್ತುವು
ಬೀಸುತಿರೆ ಬಿಸಿಗಾಳಿ ದರಗಿನ ಮೇಲೆ ಬಿದ್ದಿಹವು

ದರಗು ಅಂದರೆ ಉದುರಿದ ಒಣ ಎಲೆ. ತೊಡಕು ಬರುವುದು ‘ಹಳದಿ ಜ್ವರ’ದಲ್ಲಿ. ‘ಹಳದಿ’ ಮೂರು ಮಾತ್ರೆ ಎಂದುಕೊಂಡು ಬರೆಯುತ್ತಾರೆ. ಮುಂದೆ ‘ಜ್ವ’ ಒತ್ತಕ್ಷರ ಇರುವುದರಿಂದ ‘ದಿ’ ಗುರುವಾಗಿ ನಾಲ್ಕಾಗುತ್ತದೆ, ತಾಳ ಕುಂಟುತ್ತದೆ. ‘ಹಳದಿಯ ಜ್ವರ’ ಎಂದರೆ ಹಳದಿ | ಯ ಜ್ವರ, 3+4 ಸರಿಹೋಯಿತು. ‘ವೈರಾಣು’ ಐದು ಮಾತ್ರೆ, ಯಾವ ಗಣಕ್ಕೂ ಸೇರದು. ‘ವೈರಸ್’ ನಾಲ್ಕು, ಸಲೀಸಾಗಿ ಕೂರುತ್ತದೆ. ‘ಉಣುಗು’ ಮೂರು, ಅದು ಹುಟ್ಟಿದ್ದೇ ಭಾಮಿನಿಗೆ.

ಇನ್ನೊಂದು ಮುಖ್ಯ ವಿಚಾರ, ವಾದದ ಬಗೆ. ನ್ಯಾಯಶಾಸ್ತ್ರದಲ್ಲಿ ಮೂರು ಹೇಳುತ್ತಾರೆ: ನಿಜ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ಎದುರಾಳಿಯನ್ನು ಕೆಡವುವುದಷ್ಟೇ ಗುರಿಯಾದರೆ ವಿತಂಡ. ತಾಳಮದ್ದಳೆ ರಂಗೇರಿದಾಗ ಜಲ್ಪಕ್ಕೆ ಜಾರುವುದು ಸಹಜ, ಪುರಾಣ ಪ್ರಸಂಗದಲ್ಲಿ ಅದು ರುಚಿಯೂ ಹೌದು. ಇಲ್ಲಿ ಬೇಡ. ವಿಜ್ಞಾನಿಗೆ ಆಶುವಾದದ ಪಳಗಿಕೆ ಇರುವುದಿಲ್ಲ. ‘ಹಾಗಾದರೆ ನೀವು ಸೋತಿರಿ ಅನ್ನಿ’ ಎಂದು ಒತ್ತಿದರೆ ಅವರು ಗಾಬರಿಯಲ್ಲಿ ಇಲ್ಲದ್ದಕ್ಕೂ ಹೂಂ ಎನ್ನಬಹುದು. ವಾದದ ಚೌಕಟ್ಟನ್ನು ಅರ್ಥಧಾರಿಗೆ ಮುಂಚೆಯೇ ತಿಳಿಸಿಡಿ.

ವರದಾ ಮೂಲ

ನ್ಯಾಯಶಾಸ್ತ್ರದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ‘ಅನುಮಾನ’ ಎನ್ನುವ ಪದ ಈ ಸಂವಾದದಲ್ಲಿ ಖಂಡಿತ ಎಡವಿಸುತ್ತದೆ. ಆಡುಮಾತಿನಲ್ಲಿ ಅನುಮಾನವೆಂದರೆ ಸಂಶಯ. ಶಾಸ್ತ್ರದಲ್ಲಿ ಅದು ಪ್ರಮಾಣ, ಅಂದರೆ ನಿಜ ತಿಳಿಯುವ ಒಂದು ದಾರಿ: ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿ ಇದೆಯೆಂದು ತಿಳಿಯುವುದು. ಅರ್ಥಧಾರಿ ಎರಡನೇ ಅರ್ಥದಲ್ಲಿ ‘ನಿಮ್ಮದು ಅನುಮಾನವಷ್ಟೇ’ ಎಂದರೆ ಸಭೆ ಮೊದಲ ಅರ್ಥದಲ್ಲಿ ಕೇಳಿಸಿಕೊಳ್ಳುತ್ತದೆ. ‘ಅಯ್ಯೋ, ಇವರಿಗೇ ಸಂಶಯವಂತೆ’ ಎಂದು ಮನೆಗೆ ಹೋಗುತ್ತಾರೆ.

ಆದ್ದರಿಂದ ಶುರುವಿನಲ್ಲೇ ಆ ಪದವನ್ನು ಬಿಡಿಸಿಬಿಡಿ. ಅದನ್ನೇ ಒಂದು ಸಂಭಾಷಣೆಯಾಗಿಸಬಹುದು. ಸತ್ತ ಮಂಗ ಪ್ರತ್ಯಕ್ಷ. ಮಂಗ ಸತ್ತಿದೆ, ಹಾಗಾಗಿ ಹಳದಿ ಜ್ವರವಿರಬಹುದು ಎಂಬುದು ಅನುಮಾನ. ಹೊಗೆ ಕಂಡಲ್ಲೆಲ್ಲ ಬೆಂಕಿ ನಿಜ, ಆದರೆ ದೂರದಿಂದ ಮಂಜನ್ನೇ ಹೊಗೆ ಎಂದುಕೊಂಡಿರಬಹುದಲ್ಲ? ಮಲೆನಾಡಿನವರಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳದು. ಹಳದಿ ಜ್ವರದ ಊಹೆ ಬಿದ್ದದ್ದು ಹೀಗೆಯೇ: ಗುರುತು ಒಂದೇ, ಕಾರಣ ಬೇರೆ.

ಪದಗಳ ಮಾತಿಗೆ ಇನ್ನೆರಡು. ಕೆಲವು ಕಡೆ ಉಣುಗು, ಕೆಲವು ಕಡೆ ಉಣ್ಣೆ ಅನ್ನುತ್ತಾರೆ. ಶಿವಮೊಗ್ಗ ಪೇಟೆಯಿಂದ ಬಂದವರಿಗೆ ಉಣ್ಣೆ ಎಂದರೆ ಕುರಿಯ ತುಪ್ಪಳ. ಮೊದಲ ಸಲ ಎರಡನ್ನೂ ಹೇಳಿ, ಆಮೇಲೆ ಉಣುಗು ಎಂದೇ ನಡೆಸಿ. ‘ಮಂಗನಿಂದ ಬರುವ ಕಾಯಿಲೆ’ ಎನ್ನಬೇಡಿ. ಮಂಗವೂ ಇದಕ್ಕೆ ತುತ್ತಾಗುವ ಪ್ರಾಣಿ. ಅದರ ಸಾವು ನಮಗೆ ಮುನ್ಸೂಚನೆ. ಅರ್ಥಧಾರಿ ಹನುಮಂತನನ್ನು ತರದೇ ಇರಲಾರರು, ತರಲಿ, ಆದರೆ ಮಂಗವನ್ನು ಓಡಿಸುವ ಕೊಲ್ಲುವ ಯೋಚನೆಗೆ ಆ ಮಾತು ಇಂಬಾಗದಿರಲಿ.

ಆರು ಕಾಲು ಎಂಟು ಕಾಲು

ಉಣುಗಿನ ಬಾಳು ಗೊತ್ತಿಲ್ಲದೆ ಈ ಕಥೆ ನಡೆಯುವುದಿಲ್ಲ, ಅದನ್ನೇ ಎಲ್ಲರೂ ಹಾರಿಸುತ್ತಾರೆ.

ಮುಖ್ಯ ಉಣುಗಿನ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಬದುಕಿನಲ್ಲಿ ಮೂರು ಸಲ ರಕ್ತ ಹೀರುತ್ತದೆ, ಒಂದೊಂದು ಸಲ ಒಂದೊಂದು ಪ್ರಾಣಿಯ ಮೇಲೆ. ಮೊಟ್ಟೆಯೊಡೆದ ಮರಿಗೆ ಆರು ಕಾಲು. ಅದು ಇಲಿ, ಹಕ್ಕಿ, ಮಂಗ ಸಿಕ್ಕಿದ್ದನ್ನು ಕಚ್ಚಿ, ಹೀರಿ, ನೆಲಕ್ಕೆ ಬಿದ್ದು ಪೊರೆ ಬಿಡುತ್ತದೆ. ಆಗ ಎಂಟು ಕಾಲಿನ ಎಳೆ ಉಣುಗು. ಅದು ಮತ್ತೆ ಹೀರಿ, ಬಿದ್ದು, ಪೊರೆ ಬಿಟ್ಟು ದೊಡ್ಡದಾಗುತ್ತದೆ. ದೊಡ್ಡದು ಹೆಚ್ಚಾಗಿ ದನಕರುವಿನಂಥ ದೊಡ್ಡ ಪ್ರಾಣಿಗಳ ಮೇಲೆ. ಮರಿ ಹೀರಿಕೊಂಡ ವೈರಸ್ ಪೊರೆ ಬಿಟ್ಟ ಮೇಲೂ ಒಳಗೇ ಉಳಿಯುತ್ತದೆ. ಜನರನ್ನು ಕಚ್ಚಿ ಕಾಯಿಲೆ ತರುವುದು ಬಹುಪಾಲು ಎಳೆ ಉಣುಗು. ಅದರ ಕಾಲ ನವೆಂಬರಿನಿಂದ ಮೇ ತನಕ. ನಾವು ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಕಾಲವೂ ಅದೇ.

ಮಂಗ ಸತ್ತು ಮೈ ತಣ್ಣಗಾದಾಗ ಅದರ ಮೇಲಿದ್ದ ಉಣುಗುಗಳು ಕೆಳಗಿಳಿಯುತ್ತವೆ. ಆ ಮರದ ಬುಡ ಸೋಂಕಿನ ಉಣುಗುಗಳ ಗೂಡಾಗುತ್ತದೆ. ‘ಮಂಗ ಸತ್ತ ಜಾಗಕ್ಕೆ ಹೋಗಬೇಡಿ, ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿ’ ಎನ್ನುವುದು ಇದಕ್ಕೆ. ಕಾರಣ ಹೇಳದೆ ಬರೀ ನಿಷೇಧ ಹೇಳಿದರೆ ಯಾರೂ ಪಾಲಿಸುವುದಿಲ್ಲ. ದನ ಈ ವೈರಸ್ಸನ್ನು ಬೆಳೆಸುವುದಿಲ್ಲ, ಆದರೆ ದೊಡ್ಡ ಉಣುಗಿಗೆ ಊಟ ಹಾಕಿ ಸಂತತಿ ಹೆಚ್ಚಿಸುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಈ ಎರಡು ವಾಕ್ಯ ಸಂವಾದದಲ್ಲಿ ಇರಲೇಬೇಕು.

ತೋರಿಸುವ ವಸ್ತುಗಳು. ಜೀವಂತ ಉಣುಗನ್ನು ಸಭೆಗೆ ತರಲೇಬೇಡಿ, ಮುಚ್ಚಿದ ಶೀಶೆಯಲ್ಲೂ ಬೇಡ. 70 ಪರ್ಸೆಂಟ್ ಆಲ್ಕೋಹಾಲಿನಲ್ಲಿಟ್ಟ ಸತ್ತ ಮಾದರಿ ವಿಜ್ಞಾನಿಯ ಬಳಿ ಇದ್ದರೆ ಸಾಕು. ಗಾತ್ರ ಮನದಟ್ಟಾಗಲು ಅಡುಗೆಮನೆಯ ಕಾಳು ಸಾಕು: ಗಸಗಸೆ ಮರಿಗೆ, ರಾಗಿ ಎಳೆ ಉಣುಗಿಗೆ, ಎಳ್ಳು ಇನ್ನೂ ಹೀರದ ದೊಡ್ಡದಕ್ಕೆ. ಮೂರನ್ನೂ ಒಂದು ಬಿಳಿ ಕಾಗದಕ್ಕೆ ಅಂಟಿಸಿ ಇಪ್ಪತ್ತು ತುಂಡು ಮಾಡಿ ಸಾಲಿಗೊಂದು ಹಂಚಿ. ಗಸಗಸೆ ಮರಿಗಿಂತ ತುಸು ದಪ್ಪವೇ, ಅದನ್ನು ಬಾಯಲ್ಲಿ ಹೇಳಿ.

ಉಣುಗು ಹಿಡಿಯುವ ಬಗೆಯನ್ನು ವೇದಿಕೆ ಮೇಲೇ ಮಾಡಿ ತೋರಿಸಬಹುದು. ಸುಮಾರು ಒಂದು ಮೀಟರ್ ಚದರದ ಬಿಳಿ ಫ್ಲಾನೆಲ್ ಬಟ್ಟೆ, ಒಂದು ಅಂಚಿಗೆ ಕೋಲು, ಕೋಲಿಗೆ ಹಗ್ಗ. ದರಗಿನ ಮೇಲೆ ಮೆಲ್ಲಗೆ ಎಳೆಯುತ್ತ ನಡೆದು, ಆಗಾಗ ನಿಂತು, ಮಗುಚಿ ಎಣಿಸುವುದು. ನಯವಾದ ಹತ್ತಿ ಬಟ್ಟೆಯಾದರೆ ಉಣುಗು ಹಿಡಿದುಕೊಳ್ಳುವುದಿಲ್ಲ, ಫ್ಲಾನೆಲಿನ ಜುಂಗು ಬೇಕು. ಬಣ್ಣದ ಬಟ್ಟೆಯಲ್ಲಿ ಕಾಣುವುದಿಲ್ಲ. ಬೆಳಗಿನ ಇಬ್ಬನಿಗೆ ಬಟ್ಟೆ ಒದ್ದೆಯಾದರೆ ಎಣಿಕೆ ಸುಳ್ಳಾಗುತ್ತದೆ. ಅರ್ಥಧಾರಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ‘ಇದೇನು ಶಾಲೇ?’ ಎಂದು ಕೇಳಲಿ, ವಿಜ್ಞಾನಿ ಬಿಡಿಸಿ ನೆಲಕ್ಕೆ ಹಾಸಲಿ. ಹತ್ತು ನಿಮಿಷ ಸಭೆ ಅಲ್ಲಾಡುವುದಿಲ್ಲ.

ಕೆಳದಿ ದಾರಿ

ಕಾಳಿನ ಉಪಾಯ ಬಹಳ ಹಿಡಿಸಿತು. ಒಂದು ಪ್ರಶ್ನೆ. ಸೈಬೀರಿಯಾದಿಂದ ವಲಸೆ ಹಕ್ಕಿಗಳು ಈ ಕಾಯಿಲೆ ತಂದವು ಎನ್ನುವ ಭಾಗ ಕಥೆಗಾರರಿಗೆಲ್ಲ ಬಹಳ ಇಷ್ಟ. ಅದನ್ನು ಇಟ್ಟುಕೊಳ್ಳೋಣವೇ?

ಸೊಪ್ಪಿನಬೆಟ್ಟ

ಇಟ್ಟುಕೊಳ್ಳಿ, ಆದರೆ ಬಿದ್ದ ಊಹೆಯಾಗಿ.

ಆ ಊಹೆ ಹುಟ್ಟಿದ್ದಕ್ಕೆ ಕಾರಣವಿತ್ತು. ರಷ್ಯಾದ ಗುಂಪಿನ ವೈರಸ್ ಇದ್ದಕ್ಕಿದ್ದಂತೆ ಸೊರಬದ ಕಾಡಿನಲ್ಲಿ ಕಂಡರೆ, ಎರಡರ ನಡುವೆ ವರ್ಷವರ್ಷ ಹಾರಾಡುವವರು ಯಾರು ಎಂದು ಕೇಳುವುದು ಸಹಜ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಸಲೀಂ ಅಲಿಯವರ ಮುಂದಾಳತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಾವಿರಾರು ವಲಸೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣುಗು ತೆಗೆದು, ಬಿಟ್ಟಿತು. ಹಕ್ಕಿಗಳೇ ತಂದವು ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಭಾರತದ ವಲಸೆ ಹಕ್ಕಿಗಳ ದಾರಿಯ ಬಗ್ಗೆ ಅಪಾರ ತಿಳಿವಳಿಕೆ ಸಿಕ್ಕಿತು. ಹುಡುಕಿದ್ದು ಒಂದು, ದಕ್ಕಿದ್ದು ಇನ್ನೊಂದು.

ಮುಂದೆ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಎಂಬ ವೈರಸ್ ಸಿಕ್ಕಿತು, ಅದು ಕ್ಯಾಸನೂರಿನದಕ್ಕೆ ತೀರಾ ಹತ್ತಿರದ ನೆಂಟ. ಹಾಗಾಗಿ ‘ರಷ್ಯಾದಿಂದ ನೇರ ಬಂತು’ ಎನ್ನುವ ಗೆರೆ ಈಗ ನಿಲ್ಲುವುದಿಲ್ಲ.

ಕಥೆ ಸುಂದರವಾಗಿದೆ ಎಂಬ ಒಂದೇ ಕಾರಣಕ್ಕೆ ಈ ಊಹೆ ಇನ್ನೂ ಬದುಕಿದೆ. ಅರ್ಥಧಾರಿ ಅದನ್ನು ಎಷ್ಟು ಬೇಕಾದರೂ ಚಂದ ಮಾಡಿ ಹಾರಿಸಲಿ: ಹಿಮದ ನಾಡು, ಹಕ್ಕಿಯ ಗರಿಯೊಳಗೆ ಅವಿತ ಉಣುಗು, ಹಿಮಾಲಯ ದಾಟುವ ರಾತ್ರಿ. ಸಭೆ ಪೂರ್ತಿ ನಂಬಿದ ಮೇಲೆ ವಿಜ್ಞಾನಿ ‘ಉಂಗುರ ತೊಡಿಸಿ ನೋಡಿದೆವು’ ಎಂದು ಶುರುಮಾಡಲಿ. ಇದಕ್ಕೆ ಹನ್ನೆರಡು ನಿಮಿಷ ಕೊಡಿ, ಐದಕ್ಕೆ ಕತ್ತರಿಸಿದರೆ ಸಭೆಯ ನೆನಪಿನಲ್ಲಿ ಹಕ್ಕಿ ಮಾತ್ರ ಉಳಿಯುತ್ತದೆ.

ವರದಾ ಮೂಲ

ಇಲ್ಲಿ ಒಂದು ಭಿನ್ನಾಭಿಪ್ರಾಯ. ಸಭೆಯನ್ನು ಪೂರ್ತಿ ನಂಬಿಸಿ ಆಮೇಲೆ ಕೆಡವುವುದು ಅಪಾಯ. ಹನ್ನೆರಡು ನಿಮಿಷದ ನಡುವೆ ಎದ್ದು ಹೋಗುವವರಿದ್ದಾರೆ, ಮೊಬೈಲಿನಲ್ಲಿ ಅಷ್ಟೇ ಭಾಗ ಹಿಡಿದು ಹಂಚುವವರಿದ್ದಾರೆ. ಚಂದದ ಅರ್ಥದ ಎರಡು ನಿಮಿಷದ ತುಣುಕು ಊರೆಲ್ಲ ಸುತ್ತುತ್ತದೆ, ಅದನ್ನು ತಿದ್ದಿದ ಮಾತು ಸುತ್ತುವುದಿಲ್ಲ.

ಮದ್ದಳೆ ಮನೆ

ವರದಾ ಮೂಲ ಅವರ ಆತಂಕ ಸರಿ. ಪರಿಹಾರ ಕಲೆಯೊಳಗೇ ಇದೆ. ಹಕ್ಕಿಯ ಮಾತು ಆಡುವ ಪಾತ್ರಕ್ಕೆ ‘ಊಹೆ’ ಎಂದೇ ಹೆಸರಿಡಿ. ಅರ್ಥಧಾರಿ ಪೀಠಿಕೆಯಲ್ಲೇ ‘ನಾನು ಊಹೆ. ಹಕ್ಕಿಯ ಬೆನ್ನೇರಿ ಬಂದವಳು. ನನ್ನನ್ನು ಪರೀಕ್ಷಿಸದೆ ಮನೆಗೆ ಕರೆದುಕೊಂಡವರು ಕೆಟ್ಟರು’ ಎಂದು ಪ್ರವೇಶ ಮಾಡಲಿ. ಪಾತ್ರ ತನ್ನ ಗುಣವನ್ನು ತಾನೇ ಸಾರಿಕೊಂಡು ಬರುವುದು ತಾಳಮದ್ದಳೆಯಲ್ಲಿ ರೂಢಿ. ಎಲ್ಲಿ ಕತ್ತರಿಸಿ ಹಂಚಿದರೂ ಅದು ಊಹೆಯ ಮಾತು ಎಂಬುದು ಕೇಳಿಸಲು ಐದಾರು ವಾಕ್ಯಕ್ಕೊಮ್ಮೆ ವಿಜ್ಞಾನಿ ‘ಎಲೈ ಊಹೆಯೇ’ ಎಂದು ಕರೆಯಲಿ. ಹಳದಿ ಜ್ವರದ ಭಾಗಕ್ಕೂ ಇದೇ ಪಾತ್ರ ಸಾಕು, ರೂಪ ಬದಲಿಸಿಕೊಂಡು ಮತ್ತೆ ಬಂದಳು ಎಂದಾಗುತ್ತದೆ. ಕೊನೆಗೆ ಉಣುಗಿನ ಭಾಗದಲ್ಲಿ ಅವಳೇ ಬಂದು ಪರೀಕ್ಷೆ ದಾಟುತ್ತಾಳೆ. ಊಹೆ ಖಳನಾಯಕಿ ಅಲ್ಲ, ಅದನ್ನು ಅರ್ಥಧಾರಿ ಮರೆಯಬಾರದು.

ವರದಾ ಮೂಲ

ಒಪ್ಪಿದೆ. ಇದು ಬಹಳ ಚೆನ್ನಾಗಿದೆ.

ಹಿತ್ತಲ ವೇದಿಕೆ

ವೇದಿಕೆ ವಿಚಾರ ಯಾರೂ ಮುಟ್ಟಿಲ್ಲ.

ತಿಂಗಳು ಆರಿಸುವುದರಲ್ಲೇ ಅರ್ಧ ಕೆಲಸ. ತಾಳಮದ್ದಳೆಯ ಕಾಲ ಮಳೆಗಾಲ. ಆದರೆ ಜುಲೈ–ಆಗಸ್ಟಿನಲ್ಲಿ ತಗಡಿನ ಶೀಟಿನ ಸಭಾಭವನದಲ್ಲಿ ಮಳೆ ಹೊಡೆದರೆ ಮೈಕಿದ್ದರೂ ಮಾತು ಕೇಳುವುದಿಲ್ಲ. ಪದ್ಯ ಹೇಗೋ ದಾಟುತ್ತದೆ, ಅರ್ಥ ಮುಳುಗುತ್ತದೆ. ಜನವರಿಯ ಮೇಲೆ ಇಟ್ಟರೆ ಕಾಯಿಲೆಯ ಕಾಲ ನಡುವಿಗೆ ಬಂದಿರುತ್ತದೆ, ಕೇಳಿದ್ದು ಉಪಯೋಗಕ್ಕೆ ತಡ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ ಸರಿ. ಅಡಿಕೆ ಕೊಯ್ಲು ಬಿರುಸಾಗುವ ಮೊದಲೇ ಮುಗಿಸಿ, ಇಲ್ಲದಿದ್ದರೆ ಜನ ಬರುವುದಿಲ್ಲ.

ಕಾಲರ್ ಮೈಕು ಬೇಡ. ಅರ್ಥಧಾರಿಯ ಶಾಲು ಉಜ್ಜಿ ಗೊರಗೊರ ಸದ್ದು ಬರುತ್ತದೆ. ಕೂತ ಎತ್ತರಕ್ಕೆ ಬಗ್ಗುವ ಸ್ಟ್ಯಾಂಡಿನ ಮೈಕು, ಬಾಯಿಂದ ಒಂದು ಗೇಣು ದೂರ. ವಿಜ್ಞಾನಿಗಳು ಕಾಗದ ನೋಡಲು ತಲೆ ತಗ್ಗಿಸುತ್ತಾರೆ, ದನಿ ಮಾಯವಾಗುತ್ತದೆ. ಅವರ ಟಿಪ್ಪಣಿಯನ್ನು ಕೈಯಲ್ಲಿ ಕೊಡದೆ ಎದುರಿನ ವ್ಯಾಸಪೀಠದ ಮೇಲಿಡಿ. ಚಂಡೆಗೆ ಮೈಕು ಬೇಕಿಲ್ಲ, ಪದ್ಯದ ಕೊನೆಯ ಮುಕ್ತಾಯಕ್ಕೆ ಮಾತ್ರ ಸಾಕು. ಮಾತಿನ ನಡುವೆ ಮದ್ದಳೆಯೂ ಸುಮ್ಮನಿರಲಿ. ಸ್ಪೀಕರ್ ಎರಡೂ ಮೈಕಿಗಿಂತ ಮುಂದೆ ಇರಬೇಕು, ಹಿಂದಿದ್ದರೆ ಕೂಗು ಹಾಕುತ್ತದೆ.

ಪ್ರೊಜೆಕ್ಟರ್ ನಂಬಿ ಕೂರಬೇಡಿ. ಕರೆಂಟು ಹೋದರೆ ಮನೆಬಳಕೆಯ ಸಣ್ಣ ಯುಪಿಎಸ್ ಅದನ್ನು ಹೆಚ್ಚು ಹೊತ್ತು ಹೊರುವುದಿಲ್ಲ. ಉಣುಗಿನ ಮೂರು ಹಂತದ ಚಿತ್ರವನ್ನು ಆರಡಿಗೆ ನಾಲ್ಕಡಿ ಬಟ್ಟೆಯ ಮೇಲೆ ಬರೆಸಿ ತೂಗುಹಾಕಿ. ಮರಿಗೆ ಆರೇ ಕಾಲು ಬರೆದಿದ್ದಾರೋ ಎಂದು ನೋಡಿಕೊಳ್ಳಿ, ಚಿತ್ರಕಾರರು ಅಭ್ಯಾಸಬಲದಿಂದ ಮೂರಕ್ಕೂ ಎಂಟು ಬರೆಯುತ್ತಾರೆ. ಸಭಿಕರನ್ನು ಬಯಲಲ್ಲಿ ಒಣಗಿದ ಎಲೆಯ ಮೇಲೆ ಕೂರಿಸಬೇಡಿ.

ಅಂಬುತೀರ್ಥ

ಕೊನೆಯ ಇಪ್ಪತ್ತು ನಿಮಿಷ ಪ್ರಶ್ನೆಗಳಿಗೆ ಇಟ್ಟಿರುತ್ತೀರಿ. ಅಲ್ಲಿ 1957ರ ಬಗ್ಗೆ ಯಾರೂ ಕೇಳುವುದಿಲ್ಲ. ‘ಲಸಿಕೆ ಎಲ್ಲಿ?’ ಎಂದೇ ಕೇಳುತ್ತಾರೆ. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಈ ಕಾಯಿಲೆಯಿಂದ ಆದ ಸಾವುಗಳು ಎಲ್ಲರ ಮನಸ್ಸಿನಲ್ಲೂ ಹಸಿಯಾಗಿವೆ. ಅಂಥ ಮನೆಯವರು ಸಭೆಯಲ್ಲಿ ಕೂತಿರಬಹುದು ಎಂದೇ ಎಣಿಸಿ ಮಾತಾಡಬೇಕು. ಸಾವಿನ ದೃಶ್ಯವನ್ನು ಕರುಣರಸಕ್ಕಾಗಿ ಬೆಳೆಸುವುದು ಬೇಡವೇ ಬೇಡ.

ಉತ್ತರ ಸಿದ್ಧವಿರಲಿ. ಕೋಳಿಮೊಟ್ಟೆಯ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್‌ನಿಂದ ಕೊಂದು ಮಾಡಿದ ಲಸಿಕೆ 1990ರಿಂದ ಬಳಕೆಯಲ್ಲಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು, ಆಮೇಲೆ 6ರಿಂದ 9 ತಿಂಗಳಿಗೆ ಬೂಸ್ಟರ್, ನಂತರ ವರ್ಷವರ್ಷ. ಚುಚ್ಚಿದ ಜಾಗ ಬಹಳ ನೋಯುತ್ತಿದ್ದುದರಿಂದ ಎರಡನೆಯದಕ್ಕೆ ಬರುವವರು ಕಡಿಮೆ. ಬೂಸ್ಟರ್ ತನಕ ಹೋಗದವರಿಗೆ ರಕ್ಷಣೆಯೂ ಕಡಿಮೆ. ಪರಿಣಾಮ ಸಾಲದೆಂದು ಈಚೆಗೆ ಅದರ ಬಳಕೆ ನಿಂತಿದೆ, ಹೊಸದರ ಕೆಲಸ ನಡೆದಿದೆ. ಇಷ್ಟನ್ನು ವಿಜ್ಞಾನಿ ನೇರವಾಗಿ ಹೇಳಲಿ, ಅರ್ಥಧಾರಿ ಇದನ್ನು ಅಲಂಕರಿಸಲು ಹೋಗದಿರಲಿ.

ವೇದಿಕೆಯಲ್ಲಿ ಮೂರನೇ ಕುರ್ಚಿ ಹಾಕಿ, ಊರಿನ ಆಶಾ ಕಾರ್ಯಕರ್ತೆಯನ್ನು ಕೂರಿಸಿ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗು ದೂರವಿಡುವ ಡೀಪಾ ತೈಲ ಹಚ್ಚುವುದು, ಮೈ ಮುಚ್ಚುವ ಬಟ್ಟೆ, ಬಂದಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಮೀಯುವುದು, ಇವನ್ನು ಅವರು ಹೇಳಿದರೆ ಕಿವಿಗೆ ಬೀಳುತ್ತದೆ. ಕಚ್ಚಿದ ಉಣುಗಿಗೆ ಸುಣ್ಣ, ಸೀಮೆಎಣ್ಣೆ, ಬೀಡಿಯ ಬೆಂಕಿ ಯಾವುದೂ ಬೇಡ. ಕೆಣಕಿದರೆ ಅದು ಇನ್ನಷ್ಟು ಜೊಲ್ಲು ಒಳಗೆ ಬಿಡುತ್ತದೆ. ಸಣ್ಣ ಮೂತಿಯ ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲೆ ಎಳೆಯುವುದು. ಕಚ್ಚಿ 3ರಿಂದ 8 ದಿನದಲ್ಲಿ ಜ್ವರ ಬಂದರೆ ಮನೆಯಲ್ಲಿ ಕಾಯದೆ ರಕ್ತಪರೀಕ್ಷೆ. ಮೊದಲ ವಾರ ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ಸೇ ಸಿಗುತ್ತದೆ, ತಡವಾದರೆ ಪ್ರತಿಕಾಯ ಹುಡುಕುವ ಎಲೈಸಾ. ಕಾಯಿಲೆಗೆಂದೇ ನಿಗದಿಯಾದ ಔಷಧಿ ಇಲ್ಲ, ಆರೈಕೆ ಬೇಗ ಸಿಕ್ಕಷ್ಟೂ ಒಳ್ಳೆಯದು. ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ ಎನ್ನುವುದನ್ನು ಹೆದರಿಸದೆ, ಮುಚ್ಚಿಡದೆ ಹೇಳಿ.

ಊರಿನ ಹೆಸರಿನ ಬಗ್ಗೆಯೂ ಒಂದು ಮಾತು. ಕ್ಯಾಸನೂರಿನವರಿಗೆ ತಮ್ಮ ಊರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಕಾಯಿಲೆಯಾಗಿ ಕೂತಿದೆ. ಊರು, ಜನ, ಪ್ರಾಣಿಗಳ ಹೆಸರನ್ನು ಹೊಸ ಕಾಯಿಲೆಗಳಿಗೆ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು, ಆದರೆ ಇದು ಅದಕ್ಕೂ ಮೊದಲಿನದು. ಪದ್ಯದಲ್ಲಿ ಊರಿನ ಹೆಸರು ಬರುವಾಗ ಕಾಯಿಲೆಗಿಂತ ಮೊದಲು ಕಾಡು ಬರಲಿ. ಮದ್ದಳೆ ಮನೆ ಅವರ ಮೊದಲ ಸಾಲು ಹಾಗೇ ಇದೆ, ಬದಲಿಸಬೇಡಿ.

ಆರು ಕಾಲು ಎಂಟು ಕಾಲು

ಇದು ಯಶಸ್ವಿಯಾದರೆ ಮುಂದಿನ ವರ್ಷಕ್ಕೆ ಆಗುಂಬೆ ಕಡೆಯ ವಿಷಯವಿದೆ. ಕಾಳಿಂಗ ಸರ್ಪವನ್ನು 1836ರಿಂದ ಒಂದೇ ಪ್ರಭೇದವೆಂದು ತಿಳಿದಿದ್ದರು. 2024ರಲ್ಲಿ ಅದನ್ನು ನಾಲ್ಕಾಗಿ ಬಿಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಒಫಿಯೋಫೇಗಸ್ ಕಾಳಿಂಗ, ನಮ್ಮದೇ ಪದ. ಮೈಮೇಲಿನ ಪಟ್ಟಿ ಎಣಿಸುವುದರಿಂದ ಹಿಡಿದು ಡಿಎನ್‌ಎ ತನಕ ಸಾಕ್ಷಿ ಕಲೆಹಾಕಿದ ಕೆಲಸ. ಕಾಳಿಂಗಮರ್ದನ ಗೊತ್ತಿಲ್ಲದ ಅರ್ಥಧಾರಿ ಯಾರಿದ್ದಾರೆ? ಸದ್ಯಕ್ಕೆ ಇದು ನೆನಪಿಗಷ್ಟೇ, ಈ ಚರ್ಚೆ ಉಣುಗಿನಲ್ಲೇ ಇರಲಿ.

ಕೆಳದಿ ದಾರಿ

ಎಲ್ಲರ ಮಾತು ಸೇರಿಸಿ ಈಗಿನ ಲೆಕ್ಕ ಹೀಗಿದೆ. ಊರು ಕಂಡದ್ದು ಮತ್ತು ‘ಅನುಮಾನ’ ಪದದ ಬಿಡಿಸುವಿಕೆ 15 ನಿಮಿಷ. ಹಳದಿ ಜ್ವರದ ಊಹೆ, ಇಲಿಮರಿಗಳ ಪರೀಕ್ಷೆ 20. ಉಣುಗು, ಫ್ಲಾನೆಲ್, ಕಾಳು 18. ಹಕ್ಕಿ 12. ಕೈಕೊಟ್ಟ ಲಸಿಕೆ 5. ಪ್ರಶ್ನೆ 20. ಪದ್ಯ ಏಳು, ಅವು ಈ ಹೊತ್ತಿನೊಳಗೇ. ವಿಜ್ಞಾನಿಯೂ ಅರ್ಥಧಾರಿಯೂ ಮುಂಚೆ ಎರಡು ಸಲ ಕೂತು ಮಾತಾಡುತ್ತಾರೆ. ಮೊದಲ ಸಲ ಮೂರು ಪಟ್ಟಿ ಮಾಡಿಕೊಳ್ಳುತ್ತಾರೆ: ಕಣ್ಣಾರೆ ಕಂಡದ್ದು, ಊಹಿಸಿದ್ದು, ಇನ್ನೂ ಗೊತ್ತಾಗದ್ದು. ಮೂರನೇ ಪಟ್ಟಿಯ ಪ್ರಶ್ನೆ ಬಂದಾಗ ಅರ್ಥಧಾರಿ ಒತ್ತುವುದಿಲ್ಲ. ಮದ್ದಳೆ ಮನೆ ಅವರೇ, ಆ ಪದ್ಯದ ಉಳಿದರ್ಧ?

ಸೊಪ್ಪಿನಬೆಟ್ಟ

ಲೆಕ್ಕ ಕೂಡಿದರೆ ಸರಿಯಾಗಿ ತೊಂಬತ್ತು, ಉಸಿರಾಡಲು ಜಾಗವಿಲ್ಲ. ಇಲಿಮರಿಗಳದ್ದನ್ನು 15ಕ್ಕೆ ಇಳಿಸಿ. ಚುಚ್ಚುವ ವಿವರ ಮಕ್ಕಳಿರುವ ಸಭೆಗೆ ಉದ್ದ ಬೇಕಾಗಿಲ್ಲ. ಹಕ್ಕಿಯದನ್ನು ಮುಟ್ಟಬೇಡಿ.

ಮದ್ದಳೆ ಮನೆ

ಉಳಿದ ಮೂರು ಸಾಲು, ಆದಿಪ್ರಾಸ ‘ಸ’ಕಾರವೇ:

ಸೋಸಿ ನೋಡಿರಿ ರಕುತ ಬಿಂದುವ
ಮೋಸವೆಲ್ಲಿದೆ ಸೊಳ್ಳೆಯೊಳಗೋ
ಲೇಸನರಿವೊಡೆ ಕಾದು ನೋಡುವುದುಣುಗಿನೊಡಲಿನಲಿ

‘ಸೋಸಿ’ ಎನ್ನುವುದು ಪ್ರಾಸಕ್ಕಾಗಿ ಬಂದದ್ದು. ವಿಜ್ಞಾನದ ಕಡೆಯಿಂದ ತಪ್ಪಾದರೆ ತಿಳಿಸಿ, ‘ಸೂಸಿ’ ಎಂದೋ ಮತ್ತೇನೋ ಮಾಡೋಣ.

ಸೊಪ್ಪಿನಬೆಟ್ಟ

ತಪ್ಪಿಲ್ಲ, ಹಾಗೇ ಇರಲಿ. ಬ್ಯಾಕ್ಟೀರಿಯವನ್ನು ತಡೆಯುವಷ್ಟು ಸಣ್ಣ ರಂಧ್ರದ ಪಿಂಗಾಣಿ ಶೋಧಕದಲ್ಲಿ ಸೋಸಿದರೂ ಸೋಂಕು ದಾಟಿ ಬರುತ್ತದೆ ಎಂದು ಕಂಡಾಗಲೇ ವೈರಸ್ ಎಂಬ ಕಲ್ಪನೆ ಹುಟ್ಟಿದ್ದು, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಹೊಗೆಸೊಪ್ಪಿನ ಗಿಡದ ರೋಗದಲ್ಲಿ. ಕಾಫಿ ಶೋಧಿಸುವುದಕ್ಕೂ ಹೊಸತನ್ನು ಶೋಧಿಸುವುದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ ಇರುವುದರಿಂದ ಅರ್ಥಧಾರಿಗೆ ಇಲ್ಲಿ ಐದು ನಿಮಿಷದ ಮಾತು ಸಿಗುತ್ತದೆ. ಇಲಿಮರಿಗಳಿಂದ ಉಳಿಸಿದ ಐದು ನಿಮಿಷವನ್ನು ಇದಕ್ಕೆ ಕೊಡಿ. ಆಗ ಮತ್ತೆ ತೊಂಬತ್ತಾಗುತ್ತದೆ, ಪ್ರಶ್ನೆಯ ಹೊತ್ತಿನಲ್ಲಿ ಎರಡು ನಿಮಿಷ ಹೊಂದಿಸಿಕೊಳ್ಳಿ.